ಅಕ್ಕನ ಶೂನಲ್ಲಿ ಹನ್ನೆರಡು ದಿನ

ಇಸ್ತ್ರಿಯಮ್ಮನ ಪಾದಗಳು ದೊಡ್ಡವು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಅವಳನ್ನು ಕಂಡವರೆಲ್ಲ ಮೊದಲು ನೋಡುವುದು ಅದನ್ನೇ. ಚಪ್ಪಲಿ ಅಂಗಡಿಯವನಂತೂ ಅವಳು ಒಳಗೆ ಕಾಲಿಡುವ ಮೊದಲೇ ಗಂಡಸರ ಸಾಲಿನ ಕಡೆ ಕೈ ತೋರಿಸುತ್ತಾನೆ. ಅವಳು ಅದಕ್ಕೆಲ್ಲ ಬೇಸರ ಮಾಡಿಕೊಳ್ಳುವವಳಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಯಂತ್ರದ ಮುಂದೆ ನಿಂತವಳಿಗೆ ಅಗಲವಾದ ಪಾದ ವರವೇ ಸರಿ. ಸಣ್ಣ ಪಾದದವರೆಲ್ಲ ಎರಡೇ ವರ್ಷಕ್ಕೆ ನರ ಗಂಟುಕಟ್ಟಿ ಕೆಲಸ ಬಿಟ್ಟು ಹೋದರು, ಇವಳು ನಿಂತೇ ಇದ್ದಳು.

ಅವಳ ಹೆಸರು ಇಸ್ತ್ರಿಯಮ್ಮ ಅಲ್ಲ, ಆದರೆ ಆಸ್ಪತ್ರೆಯಲ್ಲಿ ಬೇರೆ ಹೆಸರಿನಿಂದ ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ದಿನಕ್ಕೆ ನಾನೂರು ಹಾಸುಬಟ್ಟೆ. ಒದ್ದೆ ಬಟ್ಟೆಯ ಎರಡು ತುದಿ ಇವಳು, ಇನ್ನೆರಡು ತುದಿ ಎದುರಿನವಳು ಹಿಡಿದು, ಜಾಡಿಸಿ, ಬಿಸಿ ಉರುಳೆಗೆ ಕೊಡಬೇಕು. ಬೆರಳು ಒಂದಿಂಚು ಮುಂದೆ ಹೋದರೆ ಬೆರಳೂ ಇಸ್ತ್ರಿಯಾಗುತ್ತದೆ. ಮಡಿಸುವಾಗ ಆಸ್ಪತ್ರೆಯ ಗುರುತು ಮೇಲೆಯೇ ಬರಬೇಕು. ಯಾವ ಕಲೆ ಔಷಧದ್ದು, ಯಾವುದು ರಕ್ತದ್ದು, ಯಾವುದು ಯಾರೋ ಕದ್ದು ಕುಡಿದ ಟೀಯದು ಎಂದು ಅವಳು ಮೂಸದೆಯೇ ಹೇಳಬಲ್ಲಳು. ಈ ಕೆಲಸದ ಜೊತೆಗೆ ಆಸ್ಪತ್ರೆಯ ಹಿಂದುಗಡೆ ಅವಳಿಗೊಂದು ಕೋಣೆ ಇತ್ತು: ಒಂದು ಕಬ್ಬಿಣದ ಮಂಚ, ಒಂದು ಟ್ರಂಕು, ಗೋಡೆಯಲ್ಲಿ ನಾಲ್ಕು ಮೊಳೆ, ಬಾಯ್ಲರಿನ ಚಿಮಣಿ ಕಾಣುವ ಕಿಟಕಿ. ಬೀಗದ ಕೈ ಅವಳ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ಈಗ ಆಸ್ಪತ್ರೆಯವರು ಬಟ್ಟೆಯನ್ನು ಹೊರಗೆ ಒಗೆಸುವುದೆಂದು ತೀರ್ಮಾನಿಸಿದ್ದರು. ಯಂತ್ರಗಳನ್ನು ಗುಜರಿಗೆ ಹಾಕುವವರಿದ್ದರು, ಇಸ್ತ್ರಿಯಮ್ಮನಿಗೆ ಹೇಗೂ ಐವತ್ತೆಂಟು ಮುಗಿಯುತ್ತಿತ್ತು. ಕೋಣೆಯನ್ನು ತಿಂಗಳ ಕೊನೆಗೆ ಬಿಡಬೇಕೆಂದು ಚೀಟಿ ಬಂತು. ಮದುವೆಯಿಲ್ಲ, ಮಕ್ಕಳಿಲ್ಲ. ಇದ್ದವಳು ಒಬ್ಬಳೇ ಅಕ್ಕ, ಅದೇ ಊರಿನ ಆಚೆ ಬದಿಯಲ್ಲಿ, ಮಗ ಸೊಸೆಯ ಜೊತೆ. ಚೀಟಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡು ಭಾನುವಾರ ಅವಳು ಅಕ್ಕನ ಮನೆಗೆ ಹೋದಳು. ಏನನ್ನೂ ಕೇಳಬಾರದು, ಸುದ್ದಿ ಮಾತ್ರ ಹೇಳಬೇಕು, ಉಳಿದದ್ದನ್ನು ಅಕ್ಕನೇ ಹೇಳಲಿ ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದಳು. "ಇಲ್ಲೇ ಬಂದಿರು" ಎಂಬ ಎರಡು ಮಾತು ಅಕ್ಕನ ಬಾಯಿಂದ ಬಂದರೆ ಸಾಕಿತ್ತು.

ಆ ಮನೆ ಅವಳಿಗೆ ಹೊಸದಲ್ಲ. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ಹೋದಾಗ ಇಪ್ಪತ್ತೊಂದರ ಹುಡುಗಿ ಅಲ್ಲಿಗೇ ಬಂದಿದ್ದಳು. ಎರಡು ಕೋಣೆ, ಒಂದು ಅಡುಗೆಮನೆ. ಹನ್ನೊಂದು ವರ್ಷ ಇದ್ದಳು. ಅಕ್ಕನ ಮಗನಿಗೆ ಸ್ನಾನ ಮಾಡಿಸಿದಳು, ಭಾವನ ಅಂಗಿಗೆ ಇಸ್ತ್ರಿ ಹಾಕಿದಳು, ಪಾತ್ರೆ ತಿಕ್ಕಿದಳು, ಒಂದು ದಿನವೂ ಜಗಳ ಬರಲಿಲ್ಲ. ಆಮೇಲೆ ಆಸ್ಪತ್ರೆಯ ಕೆಲಸ ಸಿಕ್ಕಿತು, ಕೋಣೆ ಸಿಕ್ಕಿತು, ಹೊರಟಳು. ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಅತ್ತಿದ್ದಳು. ಆ ಅಳುವನ್ನು ಇಸ್ತ್ರಿಯಮ್ಮ ಇಪ್ಪತ್ತಾರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಅಕ್ಕ ಚೀಟಿಯನ್ನು ಕನ್ನಡಕ ಹಾಕಿ ಎರಡು ಸಲ ಓದಿದಳು. ಮಂಡಿ ಹಿಡಿದುಕೊಂಡು ಎದ್ದು, ಕಪಾಟಿನ ಕೆಳಗಿನ ಖಾನೆಯಿಂದ ಒಂದು ರಟ್ಟಿನ ಡಬ್ಬಿ ಎಳೆದು ಮೇಜಿನ ಮೇಲಿಟ್ಟಳು. ಒಳಗೆ ಒಂದು ಜೊತೆ ಕಂದು ಬಣ್ಣದ ಶೂ. ಹೊಸದು, ಆದರೆ ಹಳೆಯದು. ಒಮ್ಮೆಯೂ ಹಾಕದ ಚರ್ಮ ಒಣಗಿ ಕಟ್ಟಿಗೆಯಾಗಿತ್ತು.

"ನಂದೊಂದು ಹರಕೆ ಇದೆ," ಅಂದಳು ಅಕ್ಕ. "ಬಹಳ ಹಳೇದು. ಬೆಟ್ಟದ ಸನ್ನಿಧಿಗೆ ನಡ್ಕೊಂಡು ಬರ್ತೀನಿ ಅಂತ. ಕೇಳಿದ್ದು ಸಿಕ್ತು. ನಾನು ಮಾತ್ರ ಹೋಗಲಿಲ್ಲ. ಇವತ್ತು ನಾಳೆ ಅಂತ ಈ ಮಂಡಿ ಬಂತು."

"ಏನು ಕೇಳಿದ್ದೆ?"

"ಅದನ್ನ ಹೇಳೋ ಹಾಗಿಲ್ಲ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಹರಕೆ ಹೊರುವವರು ಹೊಸ ಶೂ ತರುತ್ತಾರೆ. ಕೇಳುವುದನ್ನು ಕಾಗದದಲ್ಲಿ ಬರೆದು ಎಡಗಾಲಿನ ಶೂ ಒಳಗೆ, ಮೆತ್ತನೆ ಅಟ್ಟೆಯ ಅಡಿಯಲ್ಲಿ ಇಟ್ಟು ಅಂಟು ಹಾಕುತ್ತಾರೆ. ಕೇಳಿದ್ದು ಸಿಕ್ಕಿದರೆ ಆ ಶೂ ತೊಟ್ಟು ಹನ್ನೆರಡು ದಿನದ ದಾರಿ ನಡೆದು, ಬೆಟ್ಟದ ಮೇಲೆ ಅದನ್ನು ಬಿಟ್ಟು ಬರುತ್ತಾರೆ. ಕಾಗದ ಯಾರೂ ಓದುವುದಿಲ್ಲ, ಅಲ್ಲಿ ಸುಡುತ್ತಾರೆ. ಹರಕೆ ಹೊತ್ತವರಿಗೆ ಆಗದಿದ್ದರೆ ರಕ್ತಸಂಬಂಧಿ ನಡೆಯಬಹುದು, ಆದರೆ ಶೂ ಅದೇ ಆಗಿರಬೇಕು. ಯಾರೂ ನಡೆಯದಿದ್ದರೆ ಸಿಕ್ಕಿದ್ದು ಒಂದು ದಿನ ವಾಪಸ್ ಹೋಗುತ್ತದೆ ಎಂದು ಹೇಳುತ್ತಾರೆ.

"ಮಗನಿಗೆ ರಜೆ ಇಲ್ಲ," ಅಂದಳು ಅಕ್ಕ. "ನೀನು ನಡೀತೀಯಾ?"

"ಆ ಶೂನಲ್ಲಾ? ಅಕ್ಕ, ನನ್ನ ಹೆಬ್ಬೆರಳು ಹೋಗಲ್ಲ ಅದರಲ್ಲಿ."

"ಚಿಕ್ಕೋಳಿದ್ದಾಗ ಹಾಕ್ಕೊಂಡು ಓಡಾಡ್ಲಿಲ್ವಾ ನನ್ನ ಶೂನ? ದೋಣಿಗೆ ಸ್ವಲ್ಪ ಎಣ್ಣೆ ಹಚ್ಚು, ಹೋಗತ್ತೆ."

ದೋಣಿ ಎನ್ನುವುದು ಇಸ್ತ್ರಿಯಮ್ಮನ ಪಾದಕ್ಕೆ ಅಕ್ಕ ಇಟ್ಟ ಹೆಸರು. ಆಮೇಲೆ ಇಡೀ ಇಸ್ತ್ರಿಯಮ್ಮನಿಗೇ ಆ ಹೆಸರಾಯಿತು. ದೊಡ್ಡವಳ ಶೂ ಚಿಕ್ಕವಳಿಗೆ ಎನ್ನುವುದು ಅವರಪ್ಪನ ಕಾನೂನು. ಅಕ್ಕನಿಗೆ ಸಣ್ಣದಾಗುವ ಮೊದಲೇ ಅದು ತಂಗಿಗೆ ಸಣ್ಣದಾಗಿರುತ್ತಿತ್ತು. ಬೆರಳು ಮಡಿಸಿಕೊಂಡು ಸ್ಕೂಲಿಗೆ ಹೋಗಿ ಮಡಿಸಿಕೊಂಡೇ ವಾಪಸ್ ಬರುತ್ತಿದ್ದಳು. ಐವತ್ತೆಂಟಕ್ಕೆ ಆ ಯೋಗ ಮತ್ತೆ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಆದರೂ ಒಪ್ಪಿದಳು. ಯಾಕೆ ಒಪ್ಪಿದಳೆಂದು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡು ದಿನ ನಡೆದು ಬಂದ ತಂಗಿಗೆ ಅಕ್ಕ ಆ ಎರಡು ಮಾತು ಹೇಳದೇ ಇರುತ್ತಾಳೆಯೇ? ಉಳಿದ ರಜೆಯನ್ನೆಲ್ಲ ಬರೆದು ಕೊಟ್ಟು ಮರುವಾರ ಹೊರಟಳು. ತನ್ನ ರಬ್ಬರ್ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿಕೊಂಡಳು.

ಯಾತ್ರೆಯೆಂದರೆ ಏನೋ ದೊಡ್ಡದೆಂದು ಮನೆಯಲ್ಲಿ ಕೂತವರು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅದು ಹೊಲದ ಪಕ್ಕದ ಹಾದಿ. ಒಂದು ಹೊಲ ಮುಗಿದರೆ ಇನ್ನೊಂದು ಹೊಲ. ಒಂದು ನಾಯಿ ಬೊಗಳಿ ಸುಸ್ತಾದ ಕಡೆ ಇನ್ನೊಂದು ನಾಯಿ ಶುರು ಮಾಡುತ್ತದೆ. ಮೈಲಿಗೊಂದು ಬಿಳಿ ಕಲ್ಲು, ಅದರ ಮೇಲೆ ಕೆಂಪು ಪಾದದ ಚಿತ್ರ. ಆ ಪಾದ ಸಣ್ಣದಾಗಿ, ಚಂದವಾಗಿ, ಅಕ್ಕನ ಪಾದದ ಹಾಗೇ ಇರುವುದನ್ನು ನೋಡಿ ಇಸ್ತ್ರಿಯಮ್ಮನಿಗೆ ಎರಡನೆಯ ದಿನದಿಂದಲೇ ಸಿಟ್ಟು ಬರತೊಡಗಿತು.

ಮೊದಲ ದಿನ ಹಿಮ್ಮಡಿ ಸುಲಿಯಿತು. ಎರಡನೆಯ ದಿನ ಕಿರುಬೆರಳು. ಮೂರನೆಯ ದಿನ ಯಾವುದು ಸುಲಿದಿಲ್ಲ ಎಂದು ಹುಡುಕುವ ಹಾಗಾಯಿತು. ಬೆಳಿಗ್ಗೆ ಹಳೆ ಬಟ್ಟೆ ಸುತ್ತಿ ಕಾಲು ತುರುಕುವುದಕ್ಕೇ ಕಾಲು ಗಂಟೆ ಹಿಡಿಯುತ್ತಿತ್ತು. ತಂಗುಮನೆಗಳಲ್ಲಿ ಉದ್ದನೆಯ ಕೋಣೆ, ಸಾಲು ಮಂಚ, ಒದ್ದೆ ಕಾಲುಚೀಲದ ವಾಸನೆ. ಹಾಸುಬಟ್ಟೆಗಳನ್ನು ಅವಳು ಮೂಲೆ ಹಿಡಿದೆತ್ತಿ ನೋಡುತ್ತಿದ್ದಳು. ಇಸ್ತ್ರಿ ಹಾಳಾಗಲಿ, ಸರಿಯಾಗಿ ಜಾಡಿಸಿಯೂ ಇರಲಿಲ್ಲ. ಮೊದಲೆರಡು ದಿನ ತಾನೇ ಜಾಡಿಸಿ ಹಾಸಿದಳು. ಮೂರನೆಯ ದಿನದಿಂದ ಹಾಗೇ ಬಿದ್ದುಕೊಂಡಳು.

ದಾರಿಯಲ್ಲಿ ಜೊತೆಯಾದವರು ಒಬ್ಬರೇ, ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು. ತೆಳ್ಳಗೆ, ಕಡ್ಡಿಯಂತೆ. ತಮ್ಮದೇ ಹರಕೆಗೆ ತಾವೇ ನಡೆಯುತ್ತಿದ್ದರು. ಪ್ರತಿ ಕಲ್ಲಿನ ಹತ್ತಿರ ನಿಂತು ಕೈಗಡಿಯಾರ ನೋಡಿ, "ಮೂವತ್ತೊಂದು ನಿಮಿಷ. ನಿನ್ನೆಗಿಂತ ನಾಲ್ಕು ನಿಮಿಷ ಲೇಟು," ಎನ್ನುವುದು ಅವರ ಚಟ.

"ಯಾರು ಕಾಯ್ತಾ ಇದ್ದಾರೆ ನಿಮ್ಮನ್ನ?" ಎಂದು ಅವಳು ರೇಗಿದಳು.

"ಯಾರೂ ಇಲ್ಲ. ಅದಕ್ಕೇ ನಾನೇ ನೋಡ್ಕೋಬೇಕು." ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಅದೇ ಕಷ್ಟ.

ಆರನೆಯ ದಿನ ಮಧ್ಯಾಹ್ನ, ಒಂದು ತಂಗುಮನೆಯ ಜಗಲಿಯಲ್ಲಿ, ಇಸ್ತ್ರಿಯಮ್ಮನಿಗೆ ಶೂ ಒಳಗೆ ಕಾಲೇ ಹೋಗಲಿಲ್ಲ. ಪಾದ ಉಬ್ಬಿತ್ತು. ಎಣ್ಣೆ ಹಚ್ಚಿದಳು, ಸೋಪು ಹಚ್ಚಿದಳು, ಗಡಿಯಾರದವರು ಹಿಂದಿನಿಂದ ಶೂ ಹಿಡಿದು ಎಳೆದರು. ಆಗಲಿಲ್ಲ. ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು: ಒಳಗಿನ ಅಟ್ಟೆ ಕಿತ್ತು ತೆಗೆದರೆ ಒಂದು ಬೆರಳಿನಷ್ಟು ಜಾಗವಾಗುತ್ತದೆ. ಬಲಗಾಲಿನದನ್ನು ಕಿತ್ತಳು. ಕಾಲು ಹೋಯಿತು. ಎಡಗಾಲಿನದರಲ್ಲಿ ಕಾಗದವಿದೆ ಎಂದು ಅವಳಿಗೆ ಗೊತ್ತಿತ್ತು. ಮೆಲ್ಲನೆ ಎಬ್ಬಿಸಿ, ಕಾಗದವನ್ನು ಮಡಿಕೆ ಬಿಚ್ಚದೆ ಚೀಲದಲ್ಲಿಟ್ಟುಕೊಂಡರಾಯಿತು ಎಂದುಕೊಂಡಳು. ಅಂಟು ಇಪ್ಪತ್ತಾರು ವರ್ಷದ್ದು. ಅಟ್ಟೆಯ ಜೊತೆ ಕಾಗದವೂ ಅಂಟಿಕೊಂಡು ಎದ್ದು ಬಂತು, ಮಡಿಕೆ ತಾನಾಗಿ ಹರಿದು ತೆರೆದುಕೊಂಡಿತು. ಅಕ್ಕನ ದುಂಡು ಅಕ್ಷರ ಎದುರಿಗೇ ಇತ್ತು. ಓದು ಬರುವವರಿಗೆ ಅಕ್ಷರ ಕಂಡ ಮೇಲೆ ಓದದೇ ಇರುವುದಕ್ಕೆ ಆಗುವುದಿಲ್ಲ.

"ನನ್ನ ತಂಗಿ ತಾನಾಗಿಯೇ ನಮ್ಮ ಮನೆ ಬಿಟ್ಟು ಹೋಗಲಿ. ಜಗಳವಾಗದೆ, ಅವಳಿಗೆ ನೋವಾಗದೆ ಹೋಗಲಿ. ಮತ್ತೆ ಇರಲು ಬಾರದಿರಲಿ. ಹೀಗಾದರೆ ನಡೆದು ಬರುತ್ತೇನೆ."

ಕೆಳಗೆ ತಾರೀಖು ಇತ್ತು. ಅವಳಿಗೆ ಆಸ್ಪತ್ರೆಯ ಕೆಲಸ ಸಿಗುವ ಎರಡು ತಿಂಗಳ ಹಿಂದಿನದು.

ಒಂದು ಶೂ ಹಾಕಿಕೊಂಡು, ಒಂದು ಶೂ ಕೈಯಲ್ಲಿ ಹಿಡಿದುಕೊಂಡು ಇಸ್ತ್ರಿಯಮ್ಮ ಜಗಲಿಯ ಮೇಲೆ ಕೂತಿದ್ದಳು. ಮೊದಲು ಅವಳಿಗೆ ಅನಿಸಿದ್ದು ದುಃಖವಲ್ಲ, ನಾಚಿಕೆ. ಹನ್ನೊಂದು ವರ್ಷ ತಾನು ಬೇಡವಾಗಿದ್ದೆ, ಅದು ತನಗೆ ತಿಳಿದೇ ಇರಲಿಲ್ಲ ಎಂಬ ನಾಚಿಕೆ. ಒಂದೊಂದೇ ನೆನಪಾಗತೊಡಗಿತು. ಮಗು ಬಿದ್ದು ಅತ್ತಾಗ ಅಮ್ಮನ ಹತ್ತಿರ ಹೋಗದೆ ಚಿಕ್ಕಮ್ಮನ ಸೊಂಟ ಹಿಡಿದಿದ್ದು. ಅಂಗಿಯ ಕಾಲರ್ ಹೀಗಿರಬೇಕು ನೋಡು ಎಂದು ಭಾವ ಅಕ್ಕನಿಗೆ ತೋರಿಸಿದ್ದು. ಅಕ್ಕ ಅಡುಗೆಮನೆಗೆ ಬಂದು, ಮಾಡಲು ಏನೂ ಉಳಿದಿಲ್ಲವೆಂದು ಕಂಡು, ಸುಮ್ಮನೆ ವಾಪಸ್ ಹೋಗಿದ್ದು. ಇದೆಲ್ಲ ನಡೆದಾಗ ಅವಳು ಹೆಮ್ಮೆಪಟ್ಟಿದ್ದಳು. ಬಾಗಿಲಲ್ಲಿ ನಿಂತು ಅತ್ತ ಅಕ್ಕನ ಅಳು ಈಗ ಬೇರೆ ಥರ ಕಂಡಿತು. ಕೇಳಿದ್ದು ಸಿಕ್ಕಿತೆಂದು ಅಳುವವರೂ ಇರುತ್ತಾರೆ.

ಆಮೇಲೆ ಬಂದದ್ದು ಸಿಟ್ಟು. ಹರಕೆ ತೀರದಿದ್ದರೆ ಸಿಕ್ಕಿದ್ದು ವಾಪಸ್ ಹೋಗುತ್ತದೆ. ಅಂದರೆ ತಂಗಿ ವಾಪಸ್ ಬರುತ್ತಾಳೆ. ಚೀಟಿ ಓದಿದ ತಕ್ಷಣ ಅಕ್ಕ ಎದ್ದು ಶೂ ಡಬ್ಬಿ ತಂದದ್ದು ಇದಕ್ಕೇ. ಇಪ್ಪತ್ತಾರು ವರ್ಷ ನೆನಪಾಗದ ಹರಕೆ, ತಂಗಿಯ ಕೋಣೆ ಹೋಗುತ್ತದೆ ಎಂದ ದಿನ ನೆನಪಾಯಿತು. ತಂಗಿ ಮನೆಗೆ ಬಂದು ವಕ್ಕರಿಸದಿರಲಿ ಎಂದು ತಂಗಿಯನ್ನೇ ನಡೆಸಿದ್ದಾಳೆ, ಅದೂ ಕಾಲು ಹಿಂಡುವ ಶೂನಲ್ಲಿ.

"ಏನಾಯ್ತು?" ಎಂದರು ಗಡಿಯಾರದವರು.

ಅವಳು ಕಾಗದ ಮಡಿಸಿದಳು. "ಏನಿಲ್ಲ. ಕಾಲು ಹೋಗತ್ತೆ ಈಗ."

ಅವತ್ತಿನಿಂದ ಅವಳ ನಡಿಗೆ ನಡಿಗೆಯಾಗಿ ಉಳಿಯಲಿಲ್ಲ. ಏಳನೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನೆಲ ಬಿಟ್ಟು ಬೇರೇನೂ ನೋಡಲಿಲ್ಲ. ಧೂಳು, ಕಲ್ಲು, ಒಣಗಿದ ಸಗಣಿ, ತನ್ನದಲ್ಲದ ಶೂನ ಮೂತಿ. ಹೆಜ್ಜೆ ಎತ್ತುವುದೇ ಬೇಡವೆನಿಸುತ್ತಿತ್ತು, ಎತ್ತಿದ್ದನ್ನು ಇಡುವುದೂ ಬೇಡವೆನಿಸುತ್ತಿತ್ತು. ಸಂಜೆ ಚೀಲದೊಳಗೆ ಫೋನು ಬಡಿದುಕೊಂಡಿತು. ಅಕ್ಕ. ಅವಳು ಚೀಲವನ್ನು ನೋಡುತ್ತ ಕೂತಳು, ಫೋನು ತಾನಾಗಿ ಸುಮ್ಮನಾಯಿತು. ಎಂಟನೆಯ ದಿನವೂ ಅದೇ ಹೊತ್ತಿಗೆ ಬಡಿದುಕೊಂಡಿತು. ಅವಳು ಎತ್ತಲಿಲ್ಲ.

ಒಂಬತ್ತನೆಯ ದಿನ ಗಡಿಯಾರದವರು ಸೋತರು. ಮೊದಲು ಮೂವತ್ತೊಂದು ನಿಮಿಷವಿದ್ದ ಮೈಲಿ ಐವತ್ತಾಗಿ, ಎಪ್ಪತ್ತಾಗಿ, ಕೊನೆಗೆ ಅವರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಎದೆ ಹಿಡಿದುಕೊಂಡು ಒಂದು ಕಲ್ಲಿನ ಮೇಲೆ ಕೂತರು. ಹಾದಿ ಅಲ್ಲಿ ಡಾಂಬರು ರಸ್ತೆ ದಾಟುತ್ತಿತ್ತು, ಬಸ್ಸು ನಿಲ್ಲುವ ಜಾಗವಿತ್ತು.

"ನಾನು ಹೊರಟೆ ಕಣಮ್ಮ," ಅಂದರು. "ದೇವರು ಏನು ವಾಪಸ್ ತಗೋತಾನೋ ತಗೊಳ್ಳಲಿ. ಹೆಚ್ಚೇನೂ ಉಳಿದಿಲ್ಲ ನನ್ನ ಹತ್ರ. ನೀವೂ ಬನ್ನಿ. ನಿಮ್ಮ ಕಾಲು ನೋಡೋಕಾಗಲ್ಲ."

ಬಸ್ಸು ಬಂತು. ಅವಳು ಅವರನ್ನು ತೋಳು ಹಿಡಿದು ಹತ್ತಿಸಿದಳು. ಹತ್ತಿಸುವಾಗ ತನ್ನದೂ ಒಂದು ಕಾಲು ಮೆಟ್ಟಿಲ ಮೇಲಿತ್ತು. ಒಳಗೆ ಖಾಲಿ ಸೀಟುಗಳು, ಕಿಟಕಿ, ಗಾಳಿ. ಕಂಡಕ್ಟರು, "ಹತ್ತಮ್ಮ, ಹತ್ತು, ಬೇಗ," ಅಂದ. ಇನ್ನೊಂದು ಕಾಲು ಎತ್ತಿಟ್ಟರೆ ಮುಗಿಯಿತು. ಹರಕೆ ಹಾಳಾಗುತ್ತದೆ, ಸಂಜೆಯೊಳಗೆ ಅಕ್ಕನ ಮನೆ ಬಾಗಿಲಿಗೆ ಹೋಗಿ, ಬಂದೆ ನೋಡು ಎಂದು ನಿಲ್ಲಬಹುದು. ಅಕ್ಕನ ಮುಖ ಹೇಗಾಗುತ್ತದೆಂದು ನೋಡುವ ಆಸೆ ಅವಳಿಗೆ ಒಂದು ಕ್ಷಣ ನಿಜಕ್ಕೂ ಬಂತು.

ಕೆಳಗಿಳಿದಳು. ತಾನು ಬೇಡವಾದ ಮನೆ ತನಗೂ ಬೇಡ. ಅಕ್ಕನಿಗೆ ಬೇಕಾದದ್ದು ಪೂರ್ತಿ ಸಿಗಲಿ, ಮೂಗಿನ ಮಟ್ಟ ಸಿಗಲಿ. ನಡೆದು ಮುಗಿಸಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿಕೊಂಡಳು. ಬಸ್ಸಿನ ಹಿಂದಿನ ಕಿಟಕಿಯಿಂದ ಗಡಿಯಾರದವರು ಕೈ ಬೀಸಿದರು. ಅವಳು ವಾಪಸ್ ಬೀಸಲಿಲ್ಲ, ಆಮೇಲೆ ಅದಕ್ಕಾಗಿ ದಿನವೆಲ್ಲ ನೊಂದುಕೊಂಡಳು.

ಉಳಿದ ಮೂರು ದಿನ ಒಬ್ಬಳೇ. ಏರು ಶುರುವಾಗಿತ್ತು. ಹೊಲಗಳು ಹೋಗಿ ಕುರುಚಲು ಗಿಡ ಬಂದವು. ಹತ್ತು ಹೆಜ್ಜೆ ಹಾಕಿ ನಿಲ್ಲುವುದು, ಮತ್ತೆ ಹತ್ತು. ಸಿಟ್ಟು ಜೊತೆಗಿದ್ದಷ್ಟು ಹೊತ್ತು ಕಾಲು ನಡೆಯಿತು. ಹನ್ನೊಂದನೆಯ ದಿನ ಅದೂ ಬತ್ತಿತು. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕಲ್ಲ. ಅವತ್ತು ಒಂದು ಬಂಡೆಗೆ ಒರಗಿ ಒಣ ಬ್ರೆಡ್ಡು ಜಗಿಯುತ್ತಿದ್ದಾಗ ಅವಳಿಗೆ ಆಸ್ಪತ್ರೆಯ ಕೋಣೆಯ ಮೊದಲ ದಿನ ನೆನಪಾಯಿತು. ಬೀಗ ತೆಗೆದು ಒಳಗೆ ಹೋಗಿ, ಬಾಗಿಲು ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ್ದಳು. ಮಂಚದ ಮೇಲೆ ಕಾಲು ಚಾಚಿ ಮಲಗಿ ಜೋರಾಗಿ ನಕ್ಕಿದ್ದಳು. ಅಷ್ಟು ಸಂತೋಷ ಅವಳಿಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅದಕ್ಕಾಗಿ ಯಾರಿಗೂ ಯಾವತ್ತೂ ಒಂದು ಒಳ್ಳೆ ಮಾತು ಹೇಳಿರಲಿಲ್ಲ. ಕೇಳಿಕೊಂಡದ್ದು ಅಕ್ಕ, ಸಿಕ್ಕಿದ್ದು ತನಗೆ. ಇದನ್ನು ಯೋಚಿಸಿದರೂ ನೋವೇನೂ ಕಡಿಮೆಯಾಗಲಿಲ್ಲ. ಬ್ರೆಡ್ಡಿನ ಪುಡಿ ಕೊಡವಿ ಎದ್ದಳು.

ಹನ್ನೆರಡನೆಯ ದಿನ ಮಧ್ಯಾಹ್ನ ಮೇಲೆ ತಲುಪಿದಳು. ಸನ್ನಿಧಿ ಎಂದರೆ ತಗ್ಗು ಚಾವಣಿಯ ಒಂದು ಕಲ್ಲಿನ ಕೋಣೆ. ಗೋಡೆಯುದ್ದಕ್ಕೂ ಶೂ, ಚಪ್ಪಲಿ, ಮಕ್ಕಳ ಬೂಟು, ಸಾವಿರಾರು, ಬೂಷ್ಟು ಹಿಡಿದವು. ಒಳಗೆ ಒಬ್ಬ ಮುದುಕ ಪೊರಕೆ ಹಿಡಿದು ಗುಡಿಸುತ್ತಿದ್ದ. ಅಲ್ಲಿಯ ಪೂಜೆ, ಕಾವಲು, ಕಸ ಎಲ್ಲ ಅವನದೇ. ಪೊರಕೆ ಇಟ್ಟು ಕೈ ತೊಳೆದು ಬಂದು, ಸಾವಿರ ಸಲ ಕೇಳಿದ ಗಂಟಲಿನಲ್ಲಿ ಕೇಳತೊಡಗಿದ.

"ಯಾರ ಹರಕೆ?"

"ನಮ್ಮಕ್ಕನದು."

"ಕೇಳಿದ್ದು ಸಿಕ್ತಾ?"

ಬೇರೆಯವರ ಬದಲಿಗೆ ನಡೆದು ಬಂದವರು ಇಲ್ಲಿ ಏನೂ ತಿಳಿಯದೆ ಹೌದು ಎನ್ನುತ್ತಾರೆ. ಇಸ್ತ್ರಿಯಮ್ಮ ತಿಳಿದೇ ಅಂದಳು. "ಸಿಕ್ತು."

"ಸಿಕ್ಕಿದ್ದನ್ನ ಉಳಿಸ್ಕೋತೀರಾ?"

ಹೌದು ಎಂದಿದ್ದರೆ ಸಾಕಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬತ್ತಿದೆ ಅಂದುಕೊಂಡಿದ್ದ ಸಿಟ್ಟು ಒಂದು ಗುಟುಕು ಎಲ್ಲೋ ಉಳಿದಿತ್ತು. "ಉಳಿಸ್ಕೋತೀವಿ," ಅಂದಳು. "ನಾನಿರೋವರೆಗೆ ಆ ಮನೆಯಲ್ಲಿ ಇರೋಕೆ ನಾನು ಹೋಗಲ್ಲ. ಇದು ನನ್ನ ಮಾತು."

ಮುದುಕ ತಲೆಯೆತ್ತಿ ಅವಳನ್ನು ನೋಡಿದ. ಕಾಗದ ತೆಗೆದುಕೊಂಡು ದೀಪಕ್ಕೆ ಹಿಡಿದ. ಅವಳು ಶೂ ಬಿಚ್ಚಲು ಕೂತಳು. ಬಟ್ಟೆ ಚರ್ಮಕ್ಕೆ ಅಂಟಿತ್ತು, ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಶೂಗಳನ್ನು ಗೋಡೆಯ ಬದಿಗಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಬರಿಗಾಲು ಚಾಚಿದಳು. ತಣ್ಣನೆ ಕಲ್ಲು. ಮುಗಿಯಿತು ಎನಿಸಿತು, ಬೇರೇನೂ ಅನಿಸಲಿಲ್ಲ. ಆಗ ಫೋನು ಬಡಿದುಕೊಂಡಿತು. ಈ ಸಲ ಎತ್ತಿದಳು.

"ಮುಗೀತಾ?" ಅಕ್ಕನ ಧ್ವನಿ ಉಡುಗಿಹೋಗಿತ್ತು. "ಐದು ದಿನದಿಂದ ಬಡ್ಕೋತಿದ್ದೀನಿ. ಬದುಕಿದ್ದೀಯೋ ಇಲ್ವೋ ಅಂತ ಜೀವವೇ ಹೋಗಿತ್ತು. ಮುಗೀತಾ?"

"ಮುಗೀತು."

"ಸುಟ್ರಾ ಕಾಗದಾನ?"

"ಸುಟ್ರು."

ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು. "ಓದಿದೆ ಅಲ್ವಾ?"

ಇಸ್ತ್ರಿಯಮ್ಮ ಚಾಚಿದ್ದ ಕಾಲುಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಓದಿರ್ತೀಯ. ಆ ಕಾಲಿಗೆ ಆ ಶೂ ಹಿಡಿಯಲ್ಲ, ಅಟ್ಟೆ ಕೀಳ್ದೆ ನಿನಗೆ ವಿಧಿ ಇಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ಇಪ್ಪತ್ತಾರು ವರ್ಷ ಪ್ರತಿ ಭಾನುವಾರ ನೀನು ಬಂದು ಎದುರಿಗೆ ಕೂತಾಗೆಲ್ಲ ಹೇಳಿಬಿಡಬೇಕು ಅಂದ್ಕೊಂಡೆ. ಬಾಯಿ ಬರಲಿಲ್ಲ ಕಣೆ. ಏನಂತ ಹೇಳ್ಲಿ? ನನ್ನ ಮಗ ನಿನ್ನ ಹಿಂದೆ ಓಡ್ತಿದ್ದ, ನನಗೆ ಹೊಟ್ಟೆಕಿಚ್ಚು, ದೇವರ ಹತ್ರ ಹೋಗಿ ನಿನ್ನ ಓಡಿಸು ಅಂದೆ ಅಂತಾನಾ?"

"ಅದಕ್ಕೆ ನನ್ನ ಕಾಲಡಿ ಇಟ್ಟು ಕಳಿಸಿದೆ."

"ಹೂಂ." ಅಕ್ಕ ಮೂಗು ಒರೆಸಿಕೊಂಡಳು. "ಇನ್ನೊಂದು. ಆ ಹರಕೆ ಹಾಗೇ ಇರೋವಾಗ ನಿನ್ನ ಮನೆಗೆ ಬಾ ಅಂತ ಯಾವ ಬಾಯಲ್ಲಿ ಕರೀಲಿ? ಬೇಡ ಅಂತ ಕೇಳಿಕೊಂಡು, ಅದನ್ನೂ ತೀರಿಸ್ದೆ, ಈಗ ಬೇಕು ಅಂದ್ರೆ ದೇವರು ಏನಂದ್ಕೋತಾನೆ? ಅದು ಮುಗೀಲಿ, ಆಮೇಲೆ ಕರೀಬೇಕು ಅಂತಿದ್ದೆ. ಈಗ ಮುಗೀತಲ್ಲ. ಇಲ್ಲೇ ಬಂದಿರು. ಹಿಂದಿನ ಕೋಣೆ ಖಾಲಿ ಮಾಡಿಸಿದ್ದೀನಿ. ಬಾಗಿಲಿಗೆ ಬೀಗ ಹಾಕ್ಸಿದ್ದೀನಿ, ಬೀಗದ ಕೈ ನೀನೇ ಇಟ್ಕೊ. ಕೇಳಿಸ್ತಾ ದೋಣಿ? ಬಂದಿರು."

ಆ ಎರಡು ಮಾತು. ಅದನ್ನೇ ಕೇಳಬೇಕೆಂದು ಹೊರಟವಳು ಇವಳು. ಹದಿನೈದು ನಿಮಿಷದ ಹಿಂದೆ ಒಳಗೆ ನಿಂತು ಅದಕ್ಕೆ ತಾನೇ ಅಡ್ಡ ಹಾಕಿ ಬಂದಿದ್ದಳು. ದೇವರ ಮೇಲೆ ಅವಳಿಗೆ ಭಯಭಕ್ತಿ ಅಷ್ಟಕ್ಕಷ್ಟೆ, ಆದರೆ ಆಡಿದ ಮಾತು ತಪ್ಪುವವಳಲ್ಲ. ಮುಂಜಾನೆ ಆರಕ್ಕೆ ಬರುತ್ತೇನೆ ಎಂದರೆ ಇಪ್ಪತ್ತಾರು ವರ್ಷ ಆರಕ್ಕೇ ಬಂದವಳು.

"ಒಂದು ನಿಮಿಷ ಇರು," ಎಂದು ಫೋನನ್ನು ಎದೆಗೆ ಅವುಚಿಕೊಂಡು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮುದುಕ ಮತ್ತೆ ಗುಡಿಸುತ್ತಿದ್ದ.

"ಅಜ್ಜ, ಕೊಟ್ಟ ಮಾತು ವಾಪಸ್ ತಗೋಬಹುದಾ?"

"ಈಗ ತಾನೆ ಕೊಟ್ರಿ!"

"ತಪ್ಪಾಯ್ತು."

ಅವನು ಪೊರಕೆಯ ಮೇಲೆ ಗದ್ದ ಊರಿ ಅವಳ ಪಾದಗಳನ್ನೇ ನೋಡಿದ. ಹೇಳಲು ಅವನಿಗೇ ಮನಸ್ಸಿರಲಿಲ್ಲ. "ತಗೋಬಹುದು. ಬಂದ ದಾರಿಯಲ್ಲೇ ನಡ್ಕೊಂಡು ವಾಪಸ್ ಹೋಗಬೇಕು, ಹೊರಟ ಜಾಗಕ್ಕೆ. ಗಾಡಿ, ಬಸ್ಸು ಹತ್ತೋ ಹಾಗಿಲ್ಲ. ಹತ್ತಿದ್ರೆ ಮಾತು ಉಳ್ಕೊಳ್ಳತ್ತೆ. ಹಾಗೆ ಹೋದವರು ಕಮ್ಮಿ. ಬಂದು ಮುಟ್ಟೋ ಹೊತ್ತಿಗೇ ಎಲ್ಲರಿಗೂ ಸಾಕಾಗಿರತ್ತೆ."

"ಯಾರ ಶೂನಲ್ಲಿ?"

"ಮಾತು ನಿಮ್ಮದು. ಚಪ್ಪಲಿನೂ ನಿಮ್ಮದೇ."

ಅವಳು ಹೊರಗೆ ಬಂದಳು. ಕೆಳಗೆ ಬೆಟ್ಟದ ಬುಡದಲ್ಲಿ ಬಸ್ಸು ಆಟದ ಸಾಮಾನಿನಷ್ಟು ಚಿಕ್ಕದಾಗಿ ನಿಂತಿತ್ತು. ಅದರಾಚೆ ಹಾದಿ. ಕುರುಚಲು, ಆಮೇಲೆ ಹೊಲ, ಆಮೇಲೆ ಇನ್ನೊಂದು ಹೊಲ. ಕಣ್ಣು ಹಾಯುವವರೆಗೂ ನೋಡಿದಳು. ಅಳು ಬಂತು, ಅತ್ತಳು. ಸುಸ್ತಿನ ಅಳು ಯಾವುದು, ಸಂತೋಷದ್ದು ಯಾವುದು ಎಂದು ಬೇರೆ ಮಾಡುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಫೋನಿನಲ್ಲಿ ಅಕ್ಕ ಹಲೋ ಹಲೋ ಎನ್ನುತ್ತಲೇ ಇದ್ದಳು.

"ಇದ್ದೀನಿ ಅಕ್ಕ," ಅಂದಳು ಇಸ್ತ್ರಿಯಮ್ಮ. "ತಿಂಗಳ ಕೊನೆಗೆ ಕೋಣೆ ಬಿಡಬೇಕು, ನಾನು ಅಷ್ಟರಲ್ಲಿ ಬಂದು ಮುಟ್ಟಲ್ಲ. ಮಗನ್ನ ಕಳಿಸಿ ನನ್ನ ಟ್ರಂಕ್ ತರಿಸಿ ಇಟ್ಕೋ."

"ಯಾಕೆ ಮುಟ್ಟಲ್ಲ? ನಾಳೆ ಬೆಳಿಗ್ಗೆ ಬಸ್ಸಿದೆಯಲ್ಲ!"

"ಬಸ್ಸಲ್ಲಿ ಬರಲ್ಲ. ನಡ್ಕೊಂಡು ಬರ್ತೀನಿ. ಹನ್ನೆರಡು ದಿನ ಆಗತ್ತೆ."

"ಹುಚ್ಚು ಹಿಡಿದಿದ್ಯಾ? ಮತ್ಯಾಕೆ ನಡೀತೀಯೇ?"

ಇಸ್ತ್ರಿಯಮ್ಮ ಚೀಲದ ತಳಕ್ಕೆ ಕೈ ಹಾಕಿ ಪೇಪರು ಬಿಚ್ಚಿದಳು. ಊದಿದ ಪಾದಗಳನ್ನು ಒಂದೊಂದಾಗಿ ರಬ್ಬರ್ ಚಪ್ಪಲಿಯೊಳಗೆ ಇಳಿಸಿದಳು.

"ನಿನ್ನ ಮನೆಗೆ ಬರೋಕೆ," ಅಂದಳು.